ಚಿಗವ್ವನ ಭಾಷೆಯಲ್ಲಿ ನಾನು ಬರೆದ ಎರಡು ಸಾಲು

ಮೊನ್ನೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹೊರಗೆ ಗೋಬಿ ಮಂಚೂರಿ ಗಾಡಿಯವನು ಕಾದ ಬಾಣಲೆಗೆ ಒಂದು ಹಿಡಿ ಜಜ್ಜಿದ ಬೆಳ್ಳುಳ್ಳಿ ಹಾಕಿ, ಅದರ ಮೇಲೆ ಸೋಯಾ ಸಾಸು, ವಿನೆಗರು ಸುರಿದ. ಚುಂಯ್ ಎಂದು ಎದ್ದ ಹೊಗೆ ನೇರ ನನ್ನ ಮುಖಕ್ಕೇ ಬಂತು. ತೆಲಿಗಿಯ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಕೊಟ್ಟೂರಿನ ಬಸ್ಸಿಗಾಗಿ ನಿಂತಿದ್ದೆ. ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಹೆಂಗಸು ಖಾರದ ಹೊಗೆ ತಾಗಿರಬೇಕೆಂದು ಕೈ ಹಿಡಿದು ಈಚೆಗೆ ಎಳೆದಳು. ಹೊಗೆಗಲ್ಲ ತಾಯಿ ಎಂದು ಅವಳಿಗೆ ವಿವರಿಸುತ್ತ ಕೂರಲಿಲ್ಲ.

ಅದು ನಮ್ಮ ಪಕ್ಕದ ಮನೆಯ ಅಡುಗೆಯ ವಾಸನೆ. ಹನ್ನೆರಡು ವರ್ಷದ ಹಿಂದೆ, ಕೊಟ್ಟೂರಿನ ನಮ್ಮ ಓಣಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಆ ಮನೆಯ ಕಿಟಕಿಯಿಂದ ಬರುತ್ತಿದ್ದದ್ದು. ಮಾಡುತ್ತಿದ್ದವಳು ಚಿಗವ್ವ. ಅವಳ ಊರಲ್ಲಿ ಅದನ್ನು ಮಾಂಸದಿಂದ ಮಾಡುತ್ತಾರಂತೆ. ಲಿಂಗದ ಪೂಜೆಯ ಮನೆಗೆ ಸೊಸೆಯಾಗಿ ಬಂದ ಮೇಲೆ ಬದನೆಕಾಯಿಯಿಂದ ಮಾಡುವುದನ್ನು ರೂಢಿಸಿಕೊಂಡಿದ್ದಳು. ಅತ್ತೆ ಅದನ್ನು ಮೂಸಿ ನೋಡಿ, ಹುಳಿ ಹೆಚ್ಚಾತು ಎಂದು ಗೊಣಗಿ, ಎರಡು ರೊಟ್ಟಿಗೆ ಮೂರು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು.

ಚಿಗವ್ವ ಫಿಲಿಪೈನ್ಸಿನವಳು. ಪಕ್ಕದ ಮನೆಯ ಕಾಕ ಗಲ್ಫಿನಲ್ಲಿ ಏಸಿ ರಿಪೇರಿ ಕೆಲಸಕ್ಕಿದ್ದ. ಅಲ್ಲಿಯ ಹೋಟೆಲೊಂದರಲ್ಲಿ ರೂಮು ಒಪ್ಪ ಮಾಡುವ ಕೆಲಸಕ್ಕೆ ಬಂದಿದ್ದವಳನ್ನು ಮದುವೆಯಾಗಿ ಕೊಟ್ಟೂರಿಗೆ ಕರೆತಂದ. ಎರಡು ತಿಂಗಳ ರಜೆ ಮುಗಿಸಿ ತಾನು ಹೋದ, ಅವಳು ತಾಯಿಯ ಜೊತೆ ಉಳಿದಳು. ಅವರು ನಮಗೆ ರಕ್ತಸಂಬಂಧದವರಲ್ಲ. ಆದರೆ ಓಣಿಯಲ್ಲಿ ಕಾಕ ಅಂದಮೇಲೆ ಕಾಕನ ಹೆಂಡತಿ ಚಿಗವ್ವನೇ. ಅವಳನ್ನು ನೋಡಬೇಕೆಂದು ಹೆಂಗಸರೆಲ್ಲ ತುದಿಗಾಲಲ್ಲಿದ್ದರು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಮೂರನೆಯ ದಿನ ನೈಟಿಯ ಮೇಲೆ ಟವೆಲು ಹೊದ್ದು, ಪ್ಲಾಸ್ಟಿಕ್ ಕೊಡ ಹಿಡಿದು ನಳದ ಸರದಿಯಲ್ಲಿ ನಿಂತಳು. ಎಲ್ಲರಿಗಿಂತ ಮೊದಲು ಅವಳೇ ನಕ್ಕಳು.

ಆಗ ನಾನು ಮನೆಯಲ್ಲೇ ಕುಳಿತು ಕನ್ನಡ ಎಂ.ಎ. ಕಟ್ಟಿದ್ದೆ. ಭಾಷಾವಿಜ್ಞಾನದ ಒಂದು ಪತ್ರಿಕೆ ಇತ್ತು, ಓದಿದರೆ ನಿದ್ದೆ ಬರುತ್ತಿತ್ತು. ಅದರಲ್ಲಿ ಪೂರ್ವಪ್ರತ್ಯಯ ಎಂದೊಂದು ಪಾಠ. ನಮ್ಮ ಕನ್ನಡ ಏನಿದ್ದರೂ ಪದದ ಹಿಂದೆ ಅಂಟಿಸುವ ಭಾಷೆ. ಮನೆ, ಮನೆಗೆ, ಮನೆಯಿಂದ, ಮನೆಯವರಿಗೋಸ್ಕರ. ಮುಂದೆ ಅಂಟಿಸುವುದೆಲ್ಲ ಸಾಲ ತಂದದ್ದು, ನ್ಯಾಯಕ್ಕೆ ಅನ್ಯಾಯ, ಹಾಜರಿಗೆ ಗೈರುಹಾಜರಿ. ಮುಂದೆ ಅಂಟಿಸಿಯೇ ಬದುಕುವ ಭಾಷೆಗಳ ಪಟ್ಟಿಯಲ್ಲಿ ಟಗಾಲೋಗ್, ಸೆಬುವಾನೋ ಎಂಬ ಹೆಸರು ಕಂಡಿತು. ಪುಸ್ತಕ ಹಿಡಿದು ಓಡಿ ಹೋಗಿ ಚಿಗವ್ವನಿಗೆ ತೋರಿಸಿದೆ. ಅವಳು ಆ ಹೆಸರಿನ ಮೇಲೆ ಬೆರಳಾಡಿಸಿದಳು. ಕೊಟ್ಟೂರಿನ ಪುಸ್ತಕದಲ್ಲಿ ತನ್ನ ಅವ್ವನ ಭಾಷೆಯ ಹೆಸರು ಇರುವುದು ಅವಳಿಗೆ ನಂಬಲಾಗಲಿಲ್ಲ.

ಅವತ್ತಿನಿಂದ ಪಾಠ ಶುರುವಾಯಿತು. ದಿನಾ ಹತ್ತು ಗಂಟೆಗೆ ಅವರ ಅಡುಗೆಮನೆ. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ, ಅಜ್ಜಿ, ಅಂದರೆ ಅವಳ ಅತ್ತೆ, ಬಾಗಿಲಿಗೆ ಒರಗಿ ಅಕ್ಕಿ ಆರಿಸುತ್ತಿದ್ದರು. ಟಗಾಲೋಗ್ ಅವಳಿಗೆ ಶಾಲೆಯ ಭಾಷೆ, ಟಿವಿಯ ಭಾಷೆ. ಸೆಬುವಾನೋ ಮನೆಯ ಭಾಷೆ. ಬೊಹೋಲ್ ಎಂಬ ದ್ವೀಪದಲ್ಲಿದ್ದ ಅವಳ ಅವ್ವನಿಗೆ ಅದೊಂದೇ ಸರಾಗ. ಮೊದಲ ಪಾಠ ಊಟದ್ದು. ಕಾಓನ್ ಅಂದರೆ ಉಣ್ಣು. ಮೊಕಾಓನ್ ಎಂದರೆ ಉಣ್ಣುತ್ತೇನೆ, ಮಿಕಾಓನ್ ಎಂದರೆ ಉಂಡೆ, ಮಕಕಾಓನ್ ಎಂದರೆ ಉಣ್ಣಲಿಕ್ಕೆ ಆಗುತ್ತದೆ, ಪಗ್‌ಕಾಓನ್ ಎಂದರೆ ಉಣ್ಣುವ ಪದಾರ್ಥ. ಮಕಿಗ್‌ಕಾಓನ್ ಎಂದರೆ ಇನ್ನೊಬ್ಬರ ಜೊತೆ ಕೂತು ಉಣ್ಣುವುದು. ಟಗಾಲೋಗಿನಲ್ಲಿ ಕಾಓನ್ ಹೋಗಿ ಕಾಇನ್ ಆಗುತ್ತದೆ, ಪಗ್‌ಕಾಇನ್, ಮಕಿಕಾಇನ್ ಎಂದು ಅದೇ ದಾರಿಯಲ್ಲಿ ಸಾಗುತ್ತದೆ. ಅಕ್ಕತಂಗಿಯರಲ್ಲವೇ, ಜಡೆ ಮಾತ್ರ ಬೇರೆ.

ಇದನ್ನೆಲ್ಲ ವಾರಗಟ್ಟಲೆ ಕೇಳಿದ ಅಜ್ಜಿ ಒಂದು ದಿನ ಅಕ್ಕಿಯ ಮೊರ ಕೆಳಗಿಟ್ಟು, "ನಮ್ಮ ಮಾತಿಗೆ ಬಾಲ, ನಿಮ್ಮ ಮಾತಿಗೆ ಕೊಂಬು. ಅಷ್ಟ ಐತಿ," ಎಂದರು. ನನ್ನ ಪುಸ್ತಕ ಹದಿನಾಲ್ಕು ಪುಟದಲ್ಲಿ ಹೇಳಲು ಒದ್ದಾಡಿದ್ದು ಇದನ್ನೇ. ಅಂದಿನಿಂದ ನಾವು ಮೂವರೂ ಅದನ್ನು ಕೊಂಬು ಎಂದೇ ಕರೆದೆವು.

ಕೊಂಬಿನ ಅಭ್ಯಾಸವಿದ್ದ ಚಿಗವ್ವನಿಗೆ ಕನ್ನಡದ ಬಾಲ ಹಿಡಿಯುವುದೇ ಕಷ್ಟವಾಗಿತ್ತು. ಮೊದಮೊದಲು "ಗೆ ಸಂತಿ ಹೋಗಿ ಬರ್ತೀನಿ," ಎನ್ನುತ್ತಿದ್ದಳು. ಓಣಿಯ ಹುಡುಗರು ಹಿಂದೆ ಬಿದ್ದು "ಗೆ ಸಂತಿ, ಗೆ ಸಂತಿ" ಎಂದು ಕೂಗುತ್ತಿದ್ದರು. ಅವಳಿಗೆ ಸಿಟ್ಟೇ ಬರುತ್ತಿರಲಿಲ್ಲ. ಎರಡು ವರ್ಷದಲ್ಲಿ ನಮ್ಮಷ್ಟೇ ಚೆನ್ನಾಗಿ ಜಗಳ ಆಡುವಷ್ಟು ಕಲಿತಳು. ಅವಳ ಭಾಷೆಯಲ್ಲಿ ಊರಿನ ಹೆಸರಿನ ಮುಂದೆ ತಗಾ ಎಂದು ಕೊಂಬಿಟ್ಟರೆ ಆ ಊರಿನವರು ಎಂದರ್ಥ. ಇಟ್ಟಿಗಿಯಿಂದ ಬರುತ್ತಿದ್ದ ಬಳೆಗಾರ್ತಿ ಯಾವೂರು ನಿಂದು ಎಂದು ಕೇಳಿದಾಗ ಚಿಗವ್ವ "ತಗಾ-ಕೊಟ್ಟೂರು," ಎಂದಿದ್ದಳು. ಅದು ಯಾವ ತಾಲ್ಲೂಕಿಗೆ ಬರುತ್ತದೆ ಎಂದು ಬಳೆಗಾರ್ತಿ ಯೋಚಿಸುತ್ತಾ ಹೋದಳು...

ನನಗೆ ತೀರಾ ಇಷ್ಟವಾದ ಕೊಂಬು ಇನ್ನೊಂದಿತ್ತು. ಅಜ್ಜಿಯ ಪಿಂಗಾಣಿ ಕಪ್ಪು ಚಿಗವ್ವನ ಕೈಯಿಂದ ಬಿದ್ದು ಒಡೆದ ದಿನ ಅದು ಗೊತ್ತಾದದ್ದು. ಬೇಕೆಂದೇ ಒಡೆದರೆ ಗಿಬುಆಕ್. ಕೈತಪ್ಪಿ, ಮನಸ್ಸಿಲ್ಲದೆ ಒಡೆದುಹೋದರೆ ನಕಬುಆಕ್. ಮಾಡಿದ್ದೇನು ಎಂದು ಹೇಳುವ ಮೊದಲೇ, ಮನಸ್ಸಿತ್ತೋ ಇಲ್ಲವೋ ಎಂಬುದನ್ನು ಪದದ ಹಣೆಯ ಮೇಲೆ ಬರೆದುಬಿಡುವ ಭಾಷೆ. ಅಜ್ಜಿ ಇದನ್ನು ಕೇಳಿ, ಇದು ಚಲೋ ಐತಿ, ಕೋರ್ಟಿನಾಗ ಇದ್ದಿದ್ರ ವಕೀಲರ ಹೊಟ್ಟಿ ತುಂಬತಿರಲಿಲ್ಲ ಎಂದು ನಕ್ಕರು. ಕಪ್ಪಿನ ಮಾತು ಅಲ್ಲಿಗೆ ಮುಗಿಯಿತು.

ನನ್ನ ಕೈಬರಹದ ನೋಟುಬುಕ್ಕು ದಪ್ಪವಾಗುತ್ತ ಹೋಯಿತು. ವಾಕ್ಯ ಬರೆದು ತೋರಿಸುತ್ತಿದ್ದೆ, ಚಿಗವ್ವ ಕೆಂಪು ಪೆನ್ನಿನಿಂದ ತಿದ್ದುತ್ತಿದ್ದಳು. ಒಂದು ಸಾಲೂ ಪಾರಾಗುತ್ತಿರಲಿಲ್ಲ. ನಾನು ಮುಖ ಊದಿಸಿಕೊಂಡರೆ ಬಾಯಿಗೆ ಒಂದು ತುಂಡು ಬೆಲ್ಲ ಹಾಕುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಭಾನುವಾರ ತನ್ನ ಅವ್ವನಿಗೆ ಫೋನು ಹಚ್ಚಿ, ನನ್ನನ್ನು ಎಳೆದು ಕೂರಿಸಿಕೊಂಡು ಮಾತಾಡಿಸುತ್ತಿದ್ದಳು. ಆ ಮುದುಕಿ ನನ್ನ ಮುರುಕು ಸೆಬುವಾನೋ ಕೇಳಿ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ಚಿಗವ್ವ ಅವ್ವನನ್ನು ನೋಡಿ ಆರು ವರ್ಷವಾಗಿತ್ತು. ಮುಂದಿನ ಬೇಸಿಗೆಗೆ ಕಾಕ ರಜೆಗೆ ಬಂದಾಗ ಇಬ್ಬರೂ ಹೋಗಿ ಬರುವುದೆಂದು ಮಾತಾಗಿತ್ತು. ಪಾಸ್‌ಪೋರ್ಟನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಆಗಾಗ ತೆಗೆದು ನೋಡುತ್ತಿದ್ದಳು. ಸಾಯುವ ಮೊದಲು ಅವ್ವನ ಮುಖ ಒಮ್ಮೆ ನೋಡಬೇಕು ಎನ್ನುವುದೊಂದೇ ಅವಳ ಆಸೆ. ಬೇರೆ ಏನನ್ನೂ ಅವಳು ಕೇಳಿದ್ದು ನನಗೆ ನೆನಪಿಲ್ಲ.

ಆ ಬೇಸಿಗೆ ಬರುವ ಮೊದಲೇ ಚಿಗವ್ವನಿಗೆ ಗರ್ಭಕೋಶದ ಆಪರೇಷನ್ ಆಯಿತು. ದಾವಣಗೆರೆಯ ಆಸ್ಪತ್ರೆ. ಜೊತೆಗೆ ಅಜ್ಜಿ ಮತ್ತು ನಾನು. ಅವಳ ಫೋನು ನನ್ನ ಕೈಯಲ್ಲಿತ್ತು. ಮೂರನೆಯ ದಿನ ಬೆಳಿಗ್ಗೆ ಅವಳಿಗೆ ನಿದ್ದೆ ಹತ್ತಿತ್ತು. ಅಜ್ಜಿ ಮತ್ತು ನಾನು ಆಸ್ಪತ್ರೆಯ ಅಂಗಳದ ಬೇವಿನ ಮರದ ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತ ಕುಳಿತಿದ್ದೆವು. ಆಗ ಅವಳ ತಮ್ಮನ ಮೆಸೇಜು ಬಂತು. ನಮತಾಯ್ ನ ಸಿ ನಾನಾಯ್. ಮಗ್‌ಹುಲಾತ್ ಮಿ ನಿಮೋ.

ಓದಿದೆ. ಅರ್ಥವಾಯಿತು. ನಿಘಂಟು ಬೇಕಾಗಲಿಲ್ಲ, ಯಾರನ್ನೂ ಕೇಳಬೇಕಾಗಲಿಲ್ಲ. ಅವ್ವ ತೀರಿಕೊಂಡಳು. ನಿನಗಾಗಿ ಕಾಯುತ್ತೇವೆ. ಇವತ್ತು ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆ ಸುದ್ದಿಯ ದುಃಖಕ್ಕಿಂತ ಒಂದು ಕ್ಷಣ ಮೊದಲು, ಓದಿದ ಕೂಡಲೇ ತಿಳಿಯಿತಲ್ಲ ಎಂಬ ಹಿಗ್ಗು ನನ್ನೊಳಗೆ ಹಾದುಹೋಗಿತ್ತು.

ಅಜ್ಜಿಗೆ ಹೇಳಿದೆ. ಅವರು ಮಂಡಕ್ಕಿಯ ಪೊಟ್ಟಣ ಕೆಳಗಿಟ್ಟು ಸೆರಗು ಬಾಯಿಗೆ ಹಿಡಿದು ಅತ್ತರು. ತಾವೆಂದೂ ಕಾಣದ ಬೀಗಿತಿಗಾಗಿ ಖರೆಯಾಗಿಯೇ ಅತ್ತರು. ಆಮೇಲೆ ಮೂಗು ಒರೆಸಿಕೊಂಡು ಮುಂದಿನದನ್ನು ಯೋಚಿಸಿದರು. ಹೊಲಿಗೆ ಬಿಚ್ಚುವ ತನಕ ಸೊಸೆಗೆ ಹೇಳುವುದು ಬೇಡ. ಅತ್ತು ಬಿಕ್ಕಿದರೆ ಹೊಟ್ಟೆಯ ಹೊಲಿಗೆ ಕಿತ್ತುಬಂದಾವು. ಇದು ನಮ್ಮ ಕಡೆ ಯಾರಾದರೂ ಮಾಡುವಂಥದೇ. ಸತ್ತವರ ಸುದ್ದಿಯನ್ನು ನಾವು ನೇರ ಹೇಳುವುದಿಲ್ಲ, ಹುಷಾರಿಲ್ಲ ಬಾ ಎನ್ನುತ್ತೇವೆ. ಗಲ್ಫಿನಲ್ಲಿದ್ದ ಕಾಕನಿಗೆ ಫೋನು ಹಚ್ಚಿದರೆ ಅವನೂ ನಿಧಾನಕ್ಕೆ ಹೇಳಿರಿ ಎಂದ.

ಉಳಿದದ್ದು ಆ ಎರಡನೆಯ ಮಾತು, ಕಾಯುತ್ತೇವೆ ಎಂಬುದು. ಅದನ್ನು ಕೇಳಿ ಅಜ್ಜಿಗೆ ಸಂಕಟವಾಯಿತು. ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ಹೆಣ ಕಾಯಿಸುವುದು ಸತ್ತವರಿಗೆ ಕೊಡುವ ಹಿಂಸೆ.

"ಹೆಣ ಕಾಯಿಸಬಾರದವ್ವ. ಇಕಿ ಹ್ಯಾಂಗ ಹೋಗಾಕ ಆಕ್ಕೈತಿ? ಕಾಯಬ್ಯಾಡ್ರಿ ಅಂತ ಬರಿ, ಆ ಜೀವ ಆದ್ರೂ ಬಿಡುಗಡಿ ಆಗ್ಲಿ."

ಬರೆದೆ. ಚಿಗವ್ವನ ಫೋನಿನಲ್ಲಿ, ಚಿಗವ್ವನ ಹೆಸರಿನಲ್ಲಿ, ಚಿಗವ್ವನ ಭಾಷೆಯಲ್ಲಿ. ಚೀಲದಲ್ಲಿ ನೋಟುಬುಕ್ಕಿತ್ತು, ಪರೀಕ್ಷೆ ಹತ್ತಿರ ಬಂದಿತ್ತಲ್ಲ. ಬೇಡ ಎನ್ನುವಾಗ ಯಾವ ಕೊಂಬು ಬರಬೇಕೆಂದು ತೆಗೆದು ನೋಡಿ, ಎರಡು ಸಲ ಪರೀಕ್ಷಿಸಿ ಕಳಿಸಿದೆ. ಅಯಾವ್ ನ ಮೊ ಪಗ್‌ಹುಲಾತ್. ದಿಲಿ ಕೊ ಮಕಾಉಲಿ. ಇನ್ನು ಕಾಯಬೇಡಿ. ನನಗೆ ಊರಿಗೆ ಬರಲಿಕ್ಕೆ ಆಗುವುದಿಲ್ಲ.

ತಮ್ಮ ಎರಡು ಸಲ ಫೋನು ಮಾಡಿದ. ಎತ್ತಲಿಲ್ಲ. ಮರುದಿನ ಅವನ ಉತ್ತರ ಬಂತು. ಆಗಲಿ ಅಕ್ಕ, ನಾಳೆ ಮಣ್ಣು. ಅಜ್ಜಿ ಕೈ ಮುಗಿದರು. ಒಳ್ಳೆಯದನ್ನು ಮಾಡಿದೆವು ಎಂದು ನನಗೂ ಅನ್ನಿಸಿತು.

ಚಿಗವ್ವ ಫೋನು ಕೇಳಿದಾಗಲೆಲ್ಲ ಚಾರ್ಜಿಲ್ಲ ಎಂದು ತಪ್ಪಿಸುತ್ತ, ಹತ್ತನೆಯ ದಿನ ಹೊಲಿಗೆ ಬಿಚ್ಚಿಸಿ ಕೊಟ್ಟೂರಿಗೆ ಕರೆತಂದೆವು. ಕಾಲು ತೊಳೆದು ಒಳಗೆ ಬಂದು ಕುಳಿತ ಮೇಲೆ, ನೀರು ಕುಡಿಸಿ, ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಅವಳು ಚೀರಿ ಅಳುತ್ತಾಳೆಂದು ನಾವು ಸಿದ್ಧವಾಗಿದ್ದೆವು, ಓಣಿಯ ಇಬ್ಬರು ಹೆಂಗಸರನ್ನೂ ಕರೆಸಿದ್ದೆವು. ಚಿಗವ್ವ ಅಳಲಿಲ್ಲ. ಯಾವತ್ತು ಎಂದು ಕೇಳಿದಳು. ಹೇಳಿದೆವು. ಬೆರಳು ಮಡಿಚಿ ಲೆಕ್ಕ ಹಾಕಿದಳು. ಏಳು ದಿನ. ಆಮೇಲೆ ಹೊಟ್ಟೆ ಹಿಡಿದುಕೊಂಡು ಎದ್ದು, ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಸೀರೆ ಬಿಚ್ಚಿ ಪಾಸ್‌ಪೋರ್ಟು ತೆಗೆದಳು.

ನಮಗೆ ಏನೂ ತಿಳಿಯಲಿಲ್ಲ. ಅವಳಿಗೆ ತಲೆ ಕೆಟ್ಟಿತೇನೋ ಎಂದು ಅಜ್ಜಿ ನನ್ನ ಮುಖ ನೋಡಿದರು. ಚಿಗವ್ವ ಅವಸರ ಅವಸರವಾಗಿ, ಬಟ್ಟೆ ತುಂಬುತ್ತಲೇ ಹೇಳತೊಡಗಿದಳು. ಅವಳ ಊರಲ್ಲಿ ದೂರದ ಮಕ್ಕಳು ಬಂದು ಮುಟ್ಟುವ ತನಕ ಮಣ್ಣು ಮಾಡುವುದಿಲ್ಲವಂತೆ. ಹತ್ತು ದಿನವಾಗಲಿ, ಹದಿನೈದು ದಿನವಾಗಲಿ. ಔಷಧಿ ಹಾಕಿ, ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಮನೆಯ ನಡುವೆಯೇ ಇಟ್ಟುಕೊಳ್ಳುತ್ತಾರೆ. ಓಣಿಯವರು ಸರದಿಯ ಮೇಲೆ ಬಂದು ಕೂರುತ್ತಾರೆ, ಬಂದವರಿಗೆ ಕಾಫಿ, ಬಿಸ್ಕೀಟು ಕೊಡುತ್ತಾರೆ. ಅವಳ ಅಪ್ಪನನ್ನು ಹಾಗೆಯೇ ಹನ್ನೆರಡು ದಿನ ಇಟ್ಟುಕೊಂಡಿದ್ದರು, ಗಲ್ಫಿನಿಂದ ಅವಳು ಹೋಗಿ ಮುಟ್ಟುವ ತನಕ.

"ಕಾಯ್ತಿರತಾರ," ಎಂದಳು. "ನಾ ಬರೋತನಕ ಕಾಯ್ತಾರ. ಫೋನ್ ಕೊಡು, ಹೊಂಟೀನಿ ಅಂತ ಹೇಳತೀನಿ."

ಕೊಟ್ಟೆ. ಕೊಡದೆ ಏನು ಮಾಡಲಿ...

ಅವಳು ನಿಂತೇ ಓದಿದಳು. ತಮ್ಮ ಕಳಿಸಿದ್ದು, ತಾನು ಕಳಿಸಿದಂತೆ ಇದ್ದದ್ದು, ಮತ್ತೆ ತಮ್ಮನದು. ಮೇಲಿನಿಂದ ಕೆಳಗೆ ಓದಿ ಮತ್ತೆ ಮೇಲಕ್ಕೆ ಹೋದಳು. ಆ ಇಬ್ಬರು ಹೆಂಗಸರಿಗೆ ಅವಳು ಏನು ಓದುತ್ತಿದ್ದಾಳೆಂದು ಗೊತ್ತಿಲ್ಲ. ಅಜ್ಜಿಗೆ ಅಕ್ಷರ ಬಾರದು. ಚಿಗವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಬಯ್ಯಲಿಲ್ಲ. ಪಾಠ ಹೇಳುವಾಗಿನ ಅದೇ ಸಣ್ಣ ದನಿಯಲ್ಲಿ ಮಾತಾಡಿದಳು.

"ಇದರಾಗ ಒಂದೂ ತಪ್ಪಿಲ್ಲ."

ಆಮೇಲೆ ಪೆಟ್ಟಿಗೆಯ ಮೇಲೆಯೇ ಕುಳಿತುಬಿಟ್ಟಳು.

ಅವಳಿಗೆ ಹೋಗಲಿಕ್ಕೆ ಆಗುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಡಾಕ್ಟರು ಬಿಡುತ್ತಿದ್ದರೋ, ವಿಮಾನದಲ್ಲಿ ಕೂರುವಷ್ಟು ತ್ರಾಣವಿತ್ತೋ... ಆದರೆ ಅವರು ಕಾಯುತ್ತಿದ್ದರು, ಅಷ್ಟು ನಿಜ. ಕಾಯುತ್ತೇವೆ ಎಂಬುದನ್ನು ನಾನು ಸಮಾಧಾನದ ಮಾತು ಎಂದುಕೊಂಡಿದ್ದೆ. ಅವರು ಮಾಡುವುದನ್ನೇ ಬರೆದಿದ್ದರು. ಎಷ್ಟೋ ಸಲ ನಾನು ಮಾಡಿದ್ದಕ್ಕೆ ಮನಸ್ಸಿಲ್ಲದೆ ಆದದ್ದು ಎಂಬ ಕೊಂಬು ಹಚ್ಚಿ ನೋಡಿದ್ದೇನೆ. ನಿಲ್ಲುವುದಿಲ್ಲ. ನೋಟುಬುಕ್ಕು ತೆಗೆದು ನೋಡಿ ಬರೆದದ್ದಕ್ಕೆ ಕೈತಪ್ಪಿತು ಎನ್ನಲಿಕ್ಕೆ ಯಾವ ಭಾಷೆಯೂ ಒಪ್ಪುವುದಿಲ್ಲ.

ಓಣಿಯಲ್ಲಿ ಮಾತು ಹಬ್ಬಿತು. ಸೊಸೆಯಿಂದ ಹೆತ್ತ ತಾಯಿಯ ಸಾವು ಮುಚ್ಚಿಟ್ಟಳು ಎಂದು ಎಲ್ಲರೂ ಅಜ್ಜಿಯನ್ನು ಆಡಿಕೊಂಡರು. ನಳದ ಹತ್ತಿರ ಯಾರಾದರೂ ಆ ಮಾತು ತೆಗೆದರೆ ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಗುತ್ತಿತ್ತು. ಅಜ್ಜಿ ಮಾತ್ರ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು, ಹೌದು, ನಾನೇ ಬೇಡ ಅಂದದ್ದು ಎಂದು. ಬರೆದವರು ಯಾರು ಎಂದು ಯಾರೂ ಕೇಳಲಿಲ್ಲ. ಬರೆದದ್ದಿದೆ ಎಂದೇ ಓಣಿಗೆ ಗೊತ್ತಿರಲಿಲ್ಲ. ಚಿಗವ್ವ ತನ್ನ ಗಂಡನಿಗೂ ಹೇಳಲಿಲ್ಲ. ಅವಳೊಬ್ಬಳೇ ಒಂಬತ್ತು ದಿನ ಮೇಣದಬತ್ತಿ ಹಚ್ಚಿ ಅವ್ವನಿಗಾಗಿ ಪ್ರಾರ್ಥನೆ ಮಾಡಿದಳು. ಅಜ್ಜಿ ವಿಭೂತಿ ಹಚ್ಚಿಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ನನಗೆ ಹೊಸ್ತಿಲು ದಾಟುವ ಧೈರ್ಯವಾಗಲಿಲ್ಲ.

ತಿಂಗಳ ಮೇಲೆ ಹೋದೆ. ನೋಟುಬುಕ್ಕು ಒಯ್ಯಲಿಲ್ಲ. "ಬರ್ರಿ, ಕುಂದರ್ರಿ," ಎಂದಳು ಚಿಗವ್ವ. ಚಹ ಕೊಟ್ಟಳು, ಓದು ಹೇಗೆ ನಡೆದಿದೆ ಎಂದು ಕೇಳಿದಳು. ಎರಡು ವರ್ಷ ನನ್ನನ್ನು ನೀನು, ಲೇ, ಹುಚ್ಚಿ ಎಂದು ಕರೆದವಳು. ಬಯ್ದಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆ. ಆ ರೀ ಹಚ್ಚಿದ ಮಾತಿನ ಮುಂದೆ ಅಳು ಕೂಡ ಬರಲಿಲ್ಲ. ತಪ್ಪಾಯಿತು ಎಂದು ಅವಳ ಭಾಷೆಯಲ್ಲಿ ಹೇಳಬೇಕೆಂದು ಹೋದವಳು ಚಹ ಕುಡಿದು ಎದ್ದು ಬಂದೆ.

ಮುಂದಿನ ವರ್ಷ ಅಜ್ಜಿ ತೀರಿಕೊಂಡರು. ಹೊತ್ತು ಮುಳುಗುವುದರೊಳಗೆ ಮಣ್ಣಾಯಿತು, ಕಾಕನಿಗೆ ಬರಲಾಗಲಿಲ್ಲ. ಹೆಣದ ತಲೆಯ ಹತ್ತಿರ ಕುಳಿತಿದ್ದ ಚಿಗವ್ವ ಮಗ ಬರುವ ತನಕ ಇರಲಿ, ಇರಲಿ ಎಂದು ಎಷ್ಟು ಬೇಡಿಕೊಂಡರೂ ಯಾರೂ ಕೇಳಲಿಲ್ಲ. ಮೂರು ತಿಂಗಳ ಮೇಲೆ ಕಾಕ ಬಂದು ಮನೆಗೆ ಬೀಗ ಹಾಕಿ ಅವಳನ್ನು ಕರೆದುಕೊಂಡು ಹೋದ. ಅವಳ ದ್ವೀಪದಲ್ಲೇ ಮನೆ ಮಾಡಿದರೆಂದು ಆಮೇಲೆ ತಿಳಿಯಿತು. ಅವಳ ನಂಬರು ನನ್ನ ಹತ್ತಿರ ಇತ್ತು. ಎಷ್ಟೋ ಸಲ ಒಂದೊಂದು ಸಾಲು ಬರೆದು ಅಳಿಸಿದ್ದೇನೆ. ಅವಳ ಭಾಷೆಯಲ್ಲಿ ಬರೆಯುವ ಹಕ್ಕು ನನಗೆ ಉಳಿದಿಲ್ಲ ಅನ್ನಿಸುತ್ತಿತ್ತು, ಕನ್ನಡದಲ್ಲಿ ಬರೆಯಲು ಬಾಯಿಯಿರಲಿಲ್ಲ.

ಮೊನ್ನೆ ಅದೇ ಸಂಜೆ ಹರಪನಹಳ್ಳಿಯ ಬಸ್ಸು ಇಳಿದು ಓಣಿಗೆ ಬಂದರೆ ಆ ಮನೆಯ ಬಾಗಿಲು ತೆರೆದಿತ್ತು. ಕಾಕ ಕಟ್ಟೆಯ ಮೇಲೆ ಕುಳಿತಿದ್ದ. ತಲೆಯೆಲ್ಲ ಬೆಳ್ಳಗಾಗಿದೆ. ಮನೆ ಮಾರಿ ಹೋಗಲಿಕ್ಕೆ ಬಂದಿದ್ದಾನೆ. ಚಪ್ಪಲಿ ಕೂಡ ಬಿಡದೆ ಒಳಗೆ ಇಣುಕಿದೆ. ಚಿಗವ್ವ ಬರಲಿಲ್ಲವೇ ಎಂದು ಕೇಳಿದೆ.

ಎರಡು ವರ್ಷವಾಯಿತಂತೆ. ಹೊಟ್ಟೆಯಲ್ಲೇ ಏನೋ ಗಡ್ಡೆ. ಆಸ್ಪತ್ರೆಯಲ್ಲಿ ತಿಂಗಳಿದ್ದು ಹೋದಳಂತೆ. ಕಾಕ ಸುಮ್ಮನೆ ಸುದ್ದಿ ಹೇಳುವ ಹಾಗೆ ಹೇಳಿದ, ಅವನ ಅಳು ಎಂದೋ ಮುಗಿದಿತ್ತು. ನಾನು ಕಟ್ಟೆಯ ಮೇಲೆ ಕುಳಿತೆ. ಎಷ್ಟು ದಿನ ಇಟ್ಟುಕೊಂಡಿದ್ದಿರಿ ಎಂದು ಕೇಳಿದೆ. ಹನ್ನೊಂದು ದಿನ, ಅವಳ ತಂಗಿ ದೂರದಿಂದ ಬರುವುದಿತ್ತು ಎಂದ. ಕೊನೆಗೆ ನನ್ನನ್ನು ನೆನೆಸಿದ್ದಳೇ ಎಂದು ಕೇಳಲು ಬಾಯಿ ತೆರೆದೆ, ಕೇಳಲಿಲ್ಲ. ಅವನೇ ನನ್ನ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ.

"ನಿನಗ ಅವತ್ತ ತಿಳಿಸಬೇಕಂತ ಫೋನ್ ತಗದಿದ್ನೆವ್ವ. ನಿನಗೇನು ಬರಾಕ ಆಕ್ಕಿತ್ತು? ಸುಮ್ಮನ ಜೀವ ಯಾಕ ತಿನ್ನಬೇಕು ಅಂತ ಬಿಟ್ಟೆ."

ತಲೆಯಾಡಿಸಿದೆ. ಅವನು ಹೇಳಿದ್ದು ಖರೆ. ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ, ಈ ಜಿಲ್ಲೆ ದಾಟಿ ದೂರ ಹೋದವಳೂ ಅಲ್ಲ. ಹನ್ನೊಂದಲ್ಲ, ನೂರು ದಿನ ಇಟ್ಟಿದ್ದರೂ ನನಗೆ ಹೋಗಲಿಕ್ಕೆ ಆಗುತ್ತಿರಲಿಲ್ಲ.

ಆದರೂ ಕಾಕ ನನ್ನನ್ನು ಒಂದು ಮಾತು ಕೇಳಬೇಕಾಗಿತ್ತು.